ಅಮೆರಿಕದಲ್ಲಿ ಅರ್ಧಕ್ಕೆ ನಿಂತ ಡಿಗ್ರಿ: ಕ್ಲೆಪ್ ಪರೀಕ್ಷೆ ಬರೆದು ಮುಗಿಸೋದು ಹೇಗೆ?

ಮಲ್ಲಿಗೆಮೊಗ್ಗು:
ಎಲ್ಲರಿಗೂ ನಮಸ್ಕಾರ. ಅಕ್ಕನ ಪರವಾಗಿ ಕೇಳ್ತಿದ್ದೀನಿ. ಮೈಸೂರಲ್ಲಿ ಬಿ.ಕಾಂ. ನಾಲ್ಕು ಸೆಮಿಸ್ಟರ್ ಓದಿದಾಳೆ, ಅದರಲ್ಲಿ ಎರಡು ಪೇಪರ್ ಬ್ಯಾಕ್‌ಲಾಗ್. ಈಗ ನ್ಯೂಜೆರ್ಸಿ, ಎಚ್4 ವೀಸಾ (ಎಚ್1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡೋದು), ವಯಸ್ಸು 38. ಕ್ಲೆಪ್ ಅಂತ ಪರೀಕ್ಷೆ ಬರೆದ್ರೆ ಕ್ಲಾಸಿಗೆ ಹೋಗದೇ ಕ್ರೆಡಿಟ್, ಅಂದ್ರೆ ಡಿಗ್ರಿಗೆ ಎಣಿಸೋ ಕೋರ್ಸಿನ ಲೆಕ್ಕ, ಸಿಗುತ್ತಂತೆ. ಈ ವಯಸ್ಸಲ್ಲಿ ಆಗುತ್ತಾ ಅನ್ನೋದು ಅವಳ ಪ್ರಶ್ನೆ. ಮೋಸ ಏನಾದ್ರೂ ಇದೆಯಾ ಅನ್ನೋದು ನಂದು. ಎಲ್ಲಿಂದ ಶುರು ಮಾಡ್ಬೇಕು ಹೇಳಿ.

ಅಂಕಪಟ್ಟಿ:
ಮೋಸವಲ್ಲ. ಕ್ಲೆಪ್ ನಡೆಸುವುದು ಕಾಲೇಜ್ ಬೋರ್ಡ್, ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆ ನಡೆಸುವ ಅದೇ ಸಂಸ್ಥೆ. 1967ರಿಂದ ಇದೆ, ಈಗ 34 ವಿಷಯಗಳಿವೆ. ಬಹುತೇಕ ಪರೀಕ್ಷೆಗಳು 90 ನಿಮಿಷದವು, ಕಂಪ್ಯೂಟರಿನಲ್ಲಿ ಬರೆಯುವಂಥವು. ಅಂಕ 20ರಿಂದ 80ರ ಅಳತೆಯಲ್ಲಿ ಬರುತ್ತದೆ. 50 ಬಂದರೆ ಕ್ರೆಡಿಟ್ ಕೊಡಬಹುದು ಎಂದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಶಿಫಾರಸು ಮಾಡುತ್ತದೆ. ಅದು ಶಿಫಾರಸು ಮಾತ್ರ. ಕೊಡುವುದು ಬಿಡುವುದು ಕಾಲೇಜಿಗೆ ಸೇರಿದ್ದು. ಒಂದು ಕಾಲೇಜು 50ಕ್ಕೆ 3 ಕ್ರೆಡಿಟ್ ಕೊಟ್ಟರೆ ಪಕ್ಕದ ಕಾಲೇಜು ಇನ್ನೂ ಹೆಚ್ಚು ಅಂಕ ಕೇಳಬಹುದು, ಇನ್ನೊಂದು ಆ ವಿಷಯವನ್ನೇ ಒಪ್ಪದಿರಬಹುದು.

ಹಾಗಾಗಿ ಮೊದಲು ಕಾಲೇಜು, ಆಮೇಲೆ ಪರೀಕ್ಷೆ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಸುಲಭ ಎಂದು ಕೇಳಿದ ನಾಲ್ಕೈದು ವಿಷಯ ಬರೆದು ಪಾಸಾಗಿ, ಆಮೇಲೆ ಕಾಲೇಜು ಹುಡುಕಿದಾಗ ಅದರಲ್ಲಿ ಎರಡಕ್ಕೆ ಜಾಗವೇ ಇರುವುದಿಲ್ಲ.

ನಿಮ್ಮ ಅಕ್ಕನ ವಿಷಯಕ್ಕೆ ಬರೋಣ. ಇಲ್ಲಿ ಬ್ಯಾಚುಲರ್ ಡಿಗ್ರಿಗೆ 120 ಕ್ರೆಡಿಟ್ ಬೇಕು. ಒಂದು ವರ್ಷದ ಪೂರ್ಣ ಓದಿಗೆ ಸುಮಾರು 30 ಎಂದು ಲೆಕ್ಕ. ನಾಲ್ಕು ಸೆಮಿಸ್ಟರಿಗೆ ಹೆಚ್ಚೆಂದರೆ 60, ಬ್ಯಾಕ್‌ಲಾಗ್ ಇರುವ ಪೇಪರುಗಳನ್ನು ಅದರಿಂದ ಕಳೆಯಬೇಕು. 50 ಕ್ರೆಡಿಟ್ಟಿಗಿಂತ ಹೆಚ್ಚು ಸಿಕ್ಕಿದರೆ ಒಳ್ಳೆಯ ಆರಂಭ. ಪಿಯುಸಿಯನ್ನು ಇದರಲ್ಲಿ ಸೇರಿಸಬೇಡಿ, ಇಲ್ಲಿ ಅದನ್ನು ಹೈಸ್ಕೂಲು ಮುಗಿಸಿದ್ದಕ್ಕೆ ಸಮ ಎಂದು ನೋಡುತ್ತಾರೆ.

ನಮ್ಮ ಬಿ.ಕಾಂ.ನಲ್ಲಿ ವಾಣಿಜ್ಯದ ಪೇಪರುಗಳೇ ತುಂಬಿರುತ್ತವೆ, ಜನರಲ್ ಎಜುಕೇಶನ್ ತೆಳು. ಅಮೆರಿಕದ ಡಿಗ್ರಿಯಲ್ಲಿ ಇಂಗ್ಲಿಷ್ ಬರವಣಿಗೆ, ಗಣಿತ, ವಿಜ್ಞಾನ, ಇತಿಹಾಸ, ಸಮಾಜಶಾಸ್ತ್ರ, ಮಾನವಿಕ ಎಲ್ಲ ಇರಲೇಬೇಕು. ಕ್ಲೆಪ್‌ನ ಬಹುಪಾಲು ವಿಷಯಗಳು ಇವೇ. ಊರಿನ ಪೇಪರು ವಾಣಿಜ್ಯದ ಭಾಗ ತುಂಬಲಿ, ಕ್ಲೆಪ್ ಜನರಲ್ ಎಜುಕೇಶನ್ ತುಂಬಲಿ. ಈ ಹೊಂದಾಣಿಕೆ ಕೂಡಿ ಬಂದರೆ 38 ಇರಲಿ, 58 ಇರಲಿ, ಡಿಗ್ರಿ ಮುಗಿಯುತ್ತದೆ.

ಕಾವೇರಿಕಟ್ಟೆ:
ಮಾರ್ಕ್ಸ್ ಕಾರ್ಡ್‌ನ ಕೆಲಸವನ್ನು ಇವತ್ತೇ ಶುರು ಮಾಡಿ. ಎಲ್ಲಕ್ಕಿಂತ ನಿಧಾನವಾಗಿ ನಡೆಯೋದು ಅದೇ.

ಕಾಲೇಜುಗಳು ವಿದೇಶದ ಓದನ್ನು ನೇರವಾಗಿ ನೋಡೋದು ಅಪರೂಪ. ಮೌಲ್ಯಮಾಪನ ಸಂಸ್ಥೆಯ ವರದಿ ಕೇಳುತ್ತವೆ. ವರ್ಲ್ಡ್ ಎಜುಕೇಶನ್ ಸರ್ವಿಸಸ್, ಇಸಿಇ ಇವೆಲ್ಲ ನೇಸಸ್ ಎಂಬ ಒಕ್ಕೂಟದ ಸದಸ್ಯರು. ಆದರೆ ಸದಸ್ಯರನ್ನೆಲ್ಲ ಪ್ರತಿ ಕಾಲೇಜೂ ಒಪ್ಪೋದಿಲ್ಲ, ಕೆಲವರು ಎರಡೋ ಮೂರೋ ಹೆಸರನ್ನು ಮಾತ್ರ ಕೊಟ್ಟಿರುತ್ತಾರೆ. ಆ ಪಟ್ಟಿ ನೋಡದೆ ದುಡ್ಡು ಕಟ್ಟಬೇಡಿ.

ವರದಿ ಎರಡು ಥರ. ಡಾಕ್ಯುಮೆಂಟ್ ಬೈ ಡಾಕ್ಯುಮೆಂಟ್ ಅಗ್ಗ, ಆದರೆ ಕ್ರೆಡಿಟ್ ವರ್ಗಾವಣೆಗೆ ಕೆಲಸಕ್ಕೆ ಬರಲ್ಲ. ಬೇಕಾದ್ದು ಕೋರ್ಸ್ ಬೈ ಕೋರ್ಸ್. ಪೇಪರ್ ಪೇಪರ್‌ಗೂ ಎಷ್ಟು ಕ್ರೆಡಿಟ್, ಯಾವ ಗ್ರೇಡ್ ಅಂತ ಅದರಲ್ಲಿರುತ್ತೆ. ಅಗ್ಗದ್ದು ಮಾಡಿಸಿಕೊಂಡು ಎರಡನೇ ಸಲ ದುಡ್ಡು ಕಟ್ಟೋರು ತುಂಬಾ ಜನ.

ಊರಿನ ವಿಶ್ವವಿದ್ಯಾಲಯದಲ್ಲಿ ಕುಲಸಚಿವರು ಮೌಲ್ಯಮಾಪನ ವಿಭಾಗ ಅಂತ ಇರುತ್ತೆ. ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಹೊರಡೋದು ಅಲ್ಲಿಂದ. ಮುಚ್ಚಿದ ಲಕೋಟೆ, ಅಂಟಿಸಿದ ಜಾಗದ ಮೇಲೆ ಸಹಿ ಮತ್ತು ಮೊಹರು. ಲಕೋಟೆ ನಿಮ್ಮ ಕೈಗೆ ಬಂದರೂ ಒಡೆಯಬಾರದು. ಡಿಗ್ರಿ ಮುಗಿಯದವರು 'ಅಪೂರ್ಣ ವ್ಯಾಸಂಗದ ಟ್ರಾನ್ಸ್‌ಕ್ರಿಪ್ಟ್' ಅಂತ ಸ್ಪಷ್ಟವಾಗಿ ಬರೆದು ಅರ್ಜಿ ಹಾಕಿ. ಇಲ್ಲಾಂದ್ರೆ ಡಿಗ್ರಿ ಸರ್ಟಿಫಿಕೇಟ್ ಪ್ರತಿ ತನ್ನಿ ಅಂತ ವಾಪಸ್ ಕಳಿಸ್ತಾರೆ. ಊರಲ್ಲಿ ಒಬ್ಬರಿಗೆ ಅಧಿಕಾರ ಪತ್ರ ಕೊಟ್ಟು, ಪ್ರತಿ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್‌ನ ಜೆರಾಕ್ಸ್, ಹಾಲ್ ಟಿಕೆಟ್ ಸಂಖ್ಯೆ, ಮೌಲ್ಯಮಾಪನ ಸಂಸ್ಥೆ ಕೊಟ್ಟ ರೆಫರೆನ್ಸ್ ನಂಬರ್ ಎಲ್ಲ ಒಂದೇ ಕಡತದಲ್ಲಿ ಹಾಕಿ ಕಳಿಸಿ. ರೆಫರೆನ್ಸ್ ನಂಬರ್ ಲಕೋಟೆ ಮೇಲೆ ಇಲ್ಲದಿದ್ರೆ ಅದು ಯಾರದ್ದು ಅಂತ ಅಲ್ಲಿ ಗೊತ್ತಾಗಲ್ಲ.

ಮಲ್ಲಿಗೆಮೊಗ್ಗು:
ತುಂಬಾ ಥ್ಯಾಂಕ್ಸ್. ಕಾಲೇಜು ಯಾವುದು ಅಂತ ಹೇಗೆ ಆರಿಸೋದು? ಮನೆ ಹತ್ರದ ಕಮ್ಯುನಿಟಿ ಕಾಲೇಜಿಗೇ ಹೋಗು ಅಂತಿದ್ದಾರೆ ಎಲ್ಲರೂ.

ಅಂಕಪಟ್ಟಿ:
ಕಮ್ಯುನಿಟಿ ಕಾಲೇಜು ಕೆಟ್ಟದ್ದಲ್ಲ, ಆದರೆ ಅದು ಕೊಡುವುದು ಹೆಚ್ಚಾಗಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ. 50 ಕ್ರೆಡಿಟ್ ಕೈಯಲ್ಲಿರುವವರಿಗೆ ನೇರವಾಗಿ ಬ್ಯಾಚುಲರ್ ಕೊಡುವ ಕಡೆ ನೋಡುವುದು ಮೇಲು.

ವಯಸ್ಕರಿಗಾಗಿಯೇ ಹುಟ್ಟಿದ ಮೂರು ಸಂಸ್ಥೆಗಳಿವೆ. ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿರುವ ಥಾಮಸ್ ಎಡಿಸನ್ ಸ್ಟೇಟ್ ಯೂನಿವರ್ಸಿಟಿ 1972ರದು. ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಎಕ್ಸೆಲ್ಸಿಯರ್ 1971ರದು. ಕನೆಕ್ಟಿಕಟ್‌ನ ಚಾರ್ಟರ್ ಓಕ್ ಸ್ಟೇಟ್ ಕಾಲೇಜು 1973ರದು. ಬೇರೆಡೆ ಕೊನೆಯ 30 ಕ್ರೆಡಿಟ್ಟಾದರೂ ನಮ್ಮಲ್ಲೇ ಓದಬೇಕು ಎಂಬ ನಿಯಮ ಸಾಮಾನ್ಯ. ಈ ಮೂರರಲ್ಲಿ ಹೊರಗಿನ ಕ್ರೆಡಿಟ್ಟಿಗೆ ಬಾಗಿಲು ಬಹಳ ಅಗಲ, ಕ್ಯಾಪ್‌ಸ್ಟೋನ್‌ (ಡಿಗ್ರಿಯ ಕೊನೆಯಲ್ಲಿ ಮಾಡುವ ಕೋರ್ಸು) ಮುಂತಾದ ಕೆಲವೇ ಕೋರ್ಸುಗಳನ್ನು ಅವರಲ್ಲೇ ಮಾಡಿದರೆ ಸಾಕಾಗಬಹುದು. ನಿಮ್ಮ ಅಕ್ಕ ನ್ಯೂಜೆರ್ಸಿಯಲ್ಲೇ ಇರುವುದರಿಂದ ಟ್ರೆಂಟನ್ನಿನದನ್ನು ಮೊದಲು ವಿಚಾರಿಸಿ. ಹತ್ತಿರದ ರಾಜ್ಯ ವಿಶ್ವವಿದ್ಯಾಲಯದ ನಿಯಮವನ್ನೂ ಪಕ್ಕದಲ್ಲಿಟ್ಟು ನೋಡಿ, ಎಚ್4 ಇದ್ದವರಿಗೆ ಆ ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಶುಲ್ಕ ಸಿಗುತ್ತದೆಯೇ ಎಂಬುದು ರಾಜ್ಯಕ್ಕೊಂದು ಥರ.

ಅಡ್ವೈಸರ್‌ಗೆ ಕೇಳಬೇಕಾದ ಪ್ರಶ್ನೆಗಳನ್ನು ಇಮೇಲಿನಲ್ಲೇ ಕೇಳಿ, ಉತ್ತರವೂ ಬರಹದಲ್ಲೇ ಬರಲಿ. ಪರೀಕ್ಷೆಯಿಂದ ಒಟ್ಟು ಎಷ್ಟು ಕ್ರೆಡಿಟ್ ಒಪ್ಪುತ್ತೀರಿ? ಈ ಕ್ಲೆಪ್ ವಿಷಯ ನಿಮ್ಮ ಯಾವ ಕೋರ್ಸಿಗೆ ಸಮ, ಎಷ್ಟು ಅಂಕ ಬೇಕು? ಅಪ್ಪರ್ ಲೆವೆಲ್ ಕ್ರೆಡಿಟ್ ಎಷ್ಟು ಬೇಕು? ಈ ಕೊನೆಯದನ್ನು ಮರೆಯಲೇಬೇಡಿ. ಕ್ಲೆಪ್ ಹೆಚ್ಚುಕಡಿಮೆ ಪೂರ್ತಿ ಲೋವರ್ ಲೆವೆಲ್, ಅಂದರೆ ಮೊದಲೆರಡು ವರ್ಷದ ಮಟ್ಟದ್ದು. ಮೂರು ಮತ್ತು ನಾಲ್ಕನೇ ವರ್ಷದ ಕ್ರೆಡಿಟ್ ಅದರಿಂದ ಬರುವುದಿಲ್ಲ. 'ಕ್ಲೆಪ್ ಬರೆದೇ ಇಡೀ ಡಿಗ್ರಿ' ಎನ್ನುವ ವಿಡಿಯೊಗಳು ಈ ಒಂದು ಮಾತನ್ನು ನುಂಗಿಬಿಡುತ್ತವೆ.

ಗೋಳಿಮರ:
ಅಪ್ಪರ್ ಲೆವೆಲ್‌ಗೆ ಕ್ಲೆಪ್‌ನಂಥದ್ದೇ ಆದ ಡಿಎಸ್‌ಎಸ್‌ಟಿ ಪರೀಕ್ಷೆಗಳಲ್ಲಿ ಕೆಲವು ಆಗುತ್ತವೆ. ಅದು ಮೊದಲು ಸೇನೆಯವರಿಗೆಂದು ಶುರುವಾದದ್ದು, ಈಗ ಪ್ರೊಮೆಟ್ರಿಕ್ ಎಂಬ ಸಂಸ್ಥೆ ನಡೆಸುತ್ತದೆ, ಯಾರು ಬೇಕಾದರೂ ಬರೆಯಬಹುದು. ಎರಡು ಗಂಟೆ ಸಮಯ, ಅಂಕ 200ರಿಂದ 500, ಪಾಸಿಗೆ 400. ನಪಾಸಾದರೆ 30 ದಿನ ಕಾಯಬೇಕು. ಕ್ಲೆಪ್‌ನಲ್ಲಿ ಅದೇ ವಿಷಯ ಮತ್ತೆ ಬರೆಯಲು 3 ತಿಂಗಳು ಬೇಕು. ಡಿಎಸ್‌ಎಸ್‌ಟಿಯ ಯಾವ ವಿಷಯ ಅಪ್ಪರ್ ಎಂಬುದು ಪರಿಷ್ಕರಣೆಯಾದಾಗ ಬದಲಾಗುತ್ತದೆ, ಹಳೆಯ ಬ್ಲಾಗು ನೋಡಿ ನಂಬಬೇಡಿ. ಅದೂ ಸಾಲದಿದ್ದರೆ ಸ್ಟಡಿ.ಕಾಂ, ಸ್ಟ್ರೇಟರ್‌ಲೈನ್‌ನಂಥ ಕಡೆಯ ಆನ್‌ಲೈನ್ ಕೋರ್ಸು. ಒಪ್ಪುವುದೋ ಇಲ್ಲವೋ ಮತ್ತೆ ಕಾಲೇಜನ್ನೇ ಕೇಳಬೇಕು.

ಪೇಡಾನಗರ:
ನಾನೂ ಒಂದೆರಡು ಮಾತು ಹೇಳ್ತೀನ್ರಿ. ಬಿ.ಕಾಂ. ಓದಿದವ್ರು ಮೊದಲ ಫೈನಾನ್ಶಿಯಲ್ ಅಕೌಂಟಿಂಗ್ ಬರೀಲಿಕ್ಕೆ ಓಡ್ತಾರ. ಬ್ಯಾಡ್ರಿ. ಊರಿನ ಪೇಪರ್‌ನಿಂದ ಅಕೌಂಟಿಂಗ್ ಕ್ರೆಡಿಟ್ ಬಂದಿದ್ರ ಕ್ಲೆಪ್ ಬರೆದದ್ದು ಡುಪ್ಲಿಕೇಟ್ ಆಗ್ತದ, ಒಂದ ಸಲ ಎಣಸ್ತಾರ. ಬ್ಯಾಕ್‌ಲಾಗ್ ಅದಾವಂದ್ರಲ್ಲ, ಅದರಾಗ ಅಕೌಂಟಿಂಗ್ ಇದ್ರಷ್ಟ ಇದು ಕೆಲಸಕ್ಕ ಬರ್ತದ.

ಬರೆಯೂದ ಆದ್ರ ಒಂದು ಎಚ್ಚರ. ಡೆಬಿಟ್ ಕ್ರೆಡಿಟ್ ಅದ ಇರ್ತದ, ಆದ್ರ ಇದು ಗ್ಯಾಪ್ ಅನ್ನೂ ಅಮೆರಿಕದ ಲೆಕ್ಕಪತ್ರ ನಿಯಮದ ಪದ್ಧತಿ. ನಮ್ಮ ಸಂಡ್ರಿ ಡೆಟರ್ಸ್ ಇಲ್ಲಿ ಅಕೌಂಟ್ಸ್ ರಿಸೀವಬಲ್. ಟ್ರೇಡಿಂಗ್ ಅಕೌಂಟ್ ಬ್ಯಾರೆ ಮಾಡೂದಿಲ್ಲ, ಎಲ್ಲಾ ಇನ್‌ಕಮ್ ಸ್ಟೇಟ್‌ಮೆಂಟಿನ್ಯಾಗ. ಬ್ಯಾಲೆನ್ಸ್ ಶೀಟಿನ್ಯಾಗ ನಗದು ಎಲ್ಲಕ್ಕಿಂತ ಮ್ಯಾಲ ಬರ್ತದ. ಭಾರತದ ಈಗಿನ ಲೆಕ್ಕ ಮಾನದಂಡದಾಗ ಲೈಫೋ (ಕಡೀಗೆ ಬಂದ ಸರಕು ಮೊದಲ ಮಾರಿದಂಗ ಲೆಕ್ಕ) ಇಲ್ಲ, ಇಲ್ಲಿ ಅದ. ಲೈಫೋ, ಫೈಫೋ (ಮೊದಲ ಬಂದದ್ದು ಮೊದಲ ಮಾರಿದಂಗ) ಎರಡರಾಗೂ ಲೆಕ್ಕ ಮಾಡಿ, ಬೆಲೆ ಏರೂ ಕಾಲಕ್ಕ ಯಾವುದ್ರಾಗ ಲಾಭ ಕಡಿಮಿ ಕಾಣ್ತದ ಅಂತ ಕೇಳೇ ಕೇಳ್ತಾರ. ಉತ್ತರ ಲೈಫೋ. 90 ನಿಮಿಷಕ್ಕ 75 ಪ್ರಶ್ನೆ. ಜರ್ನಲ್ ಎಂಟ್ರಿ ಪೂರ್ತಿ ಬರಕೊಂಡು ಕುಂತ್ರ ಹೊತ್ತು ಸಾಲೂದಿಲ್ಲ.

ಪ್ರಿನ್ಸಿಪಲ್ಸ್ ಆಫ್ ಮ್ಯಾನೇಜ್‌ಮೆಂಟ್ ಮಾತ್ರ ನಮ್ಮವ್ರಿಗೆ ಹೂವು ಎತ್ತಿದಂಗ. 100 ಪ್ರಶ್ನೆ, ಅರ್ಧದಷ್ಟು ಪ್ಲಾನಿಂಗ್, ಆರ್ಗನೈಸಿಂಗ್, ಲೀಡಿಂಗ್, ಕಂಟ್ರೋಲಿಂಗ್ ಮ್ಯಾಲೆ. ಟೇಲರ್, ಫಯೋಲ್, ಮಾಸ್ಲೋ ಎಲ್ಲಾ ಬಿ.ಕಾಂ.ದಾಗ ಓದಿದ್ದ. ಡುಪ್ಲಿಕೇಟ್ ಆಗೂದಿಲ್ಲ ಅಂತ ಖಾತ್ರಿ ಮಾಡಿಕೊಂಡು ಬರೀರಿ.

ಮಲ್ಲಿಗೆಮೊಗ್ಗು:
ಅಯ್ಯೋ, ಅವಳ ಬ್ಯಾಕ್‌ಲಾಗ್‌ನಲ್ಲಿ ಒಂದು ಕಾರ್ಪೊರೇಟ್ ಅಕೌಂಟಿಂಗೇ! ಹಾಗಾದ್ರೆ ಜನರಲ್ ಎಜುಕೇಶನ್‌ಗೆ ಯಾವ್ಯಾವುದು ಬರೀಬೇಕು?

ಅಂಕಪಟ್ಟಿ:
ಕಾರ್ಪೊರೇಟ್ ಅಕೌಂಟಿಂಗ್ ಬೇರೆ ಕೋರ್ಸು. ಮೊದಲ ಸೆಮಿಸ್ಟರಿನ ಫೈನಾನ್ಶಿಯಲ್ ಅಕೌಂಟಿಂಗ್ ಪಾಸಾಗಿದ್ದರೆ ಕ್ಲೆಪ್ ಬೇಡ. ವರದಿ ಬರುವವರೆಗೆ ಆ ಕಡೆ ಕೈ ಹಾಕಬೇಡಿ.

ಜನರಲ್ ಎಜುಕೇಶನ್ನಿಗೆ ನಾನು ಹೇಳುವ ಮೊದಲ ಪರೀಕ್ಷೆ ಇಂಟ್ರೊಡಕ್ಟರಿ ಸೋಶಿಯಾಲಜಿ ಇಲ್ಲವೇ ಇಂಟ್ರೊಡಕ್ಟರಿ ಸೈಕಾಲಜಿ. ಪಾರಿಭಾಷಿಕ ಪದಗಳು ಗಟ್ಟಿಯಾದರೆ ಅರ್ಧ ಗೆದ್ದ ಹಾಗೆ, ಮತ್ತು ವರ್ಷಗಟ್ಟಲೆ ಪರೀಕ್ಷೆಯೇ ಬರೆಯದವರಿಗೆ ಧೈರ್ಯ ಬರುತ್ತದೆ. ಸೈಕಾಲಜಿ ಆದ ಬೆನ್ನಿಗೇ ಹ್ಯೂಮನ್ ಗ್ರೋತ್ ಆ್ಯಂಡ್ ಡೆವಲಪ್‌ಮೆಂಟ್, ಅದರ ಹಿಂದೆ ಎಜುಕೇಶನಲ್ ಸೈಕಾಲಜಿ. ಪಿಯಾಜೆ, ಎರಿಕ್ಸನ್, ವೈಗಾಟ್‌ಸ್ಕಿ, ಕೋಲ್‌ಬರ್ಗ್ ಮೂರರಲ್ಲೂ ಬರುತ್ತಾರೆ. ಒಮ್ಮೆ ಓದಿದ್ದು ಮೂರು ಕಡೆ ದುಡಿಯುತ್ತದೆ. ಆದರೆ ಪಟ್ಟಿಯಲ್ಲಿ ಮೂರಕ್ಕೂ ಜಾಗ ಇದೆಯೇ ನೋಡಿ, ಬಿಸಿನೆಸ್ ಡಿಗ್ರಿಯಲ್ಲಿ ಒಂದೋ ಎರಡೋ ಸಾಕಾಗಬಹುದು.

ಗಣಿತದಲ್ಲಿ ಎಡವುವವರು ಬಹಳ. ಕಾಲೇಜ್ ಮ್ಯಾಥಮ್ಯಾಟಿಕ್ಸ್ ಮತ್ತು ಕಾಲೇಜ್ ಆಲ್ಜೀಬ್ರಾ ಎರಡು ಬೇರೆ ಪರೀಕ್ಷೆಗಳು. ಮೊದಲನೆಯದರಲ್ಲಿ ಬಡ್ಡಿ ಲೆಕ್ಕ, ಸಂಭಾವ್ಯತೆ, ಗಣ, ತರ್ಕ ಎಲ್ಲ ಸ್ವಲ್ಪ ಸ್ವಲ್ಪ ಇವೆ, ಬಿ.ಕಾಂ.ನವರಿಗೆ ಹಗುರ. ಆದರೆ ಬಿಸಿನೆಸ್ ವಿಭಾಗಗಳು ಹೆಚ್ಚಾಗಿ ಆಲ್ಜೀಬ್ರಾವನ್ನೋ ಅದಕ್ಕಿಂತ ಮೇಲಿನದನ್ನೋ ಕೇಳುತ್ತವೆ. ಆಲ್ಜೀಬ್ರಾದಲ್ಲಿ 60 ಪ್ರಶ್ನೆ, 30 ಶೇಕಡಾ ಫಂಕ್ಷನ್ ಮೇಲೆ. ಲಾಗರಿದಮ್ ಮತ್ತು ಗ್ರಾಫು ಸರಿಯುವ ಬಗೆ ಮರೆತಿದ್ದರೆ ಅಲ್ಲೇ ಪೆಟ್ಟು. ಕ್ಯಾಲ್ಕುಲೇಟರ್ ಪರದೆಯ ಮೇಲೇ ಇರುತ್ತದೆ, ಅದರ ಬಳಕೆ ಮೊದಲೇ ರೂಢಿಯಾಗಿರಲಿ.

ಅಮೆರಿಕನ್ ಗವರ್ನ್‌ಮೆಂಟ್ ನಮ್ಮ ಕಡೆಯವರಿಗೆ ಸುಲಭ ಎಂದು ಕಂಡು ಕೈಕೊಡುತ್ತದೆ. ನಮ್ಮ ತಲೆಯಲ್ಲಿ ಕೂತಿರುವುದು ಸಂಸದೀಯ ಪದ್ಧತಿ. ಇಲ್ಲಿ ಅಧ್ಯಕ್ಷರನ್ನು ಅವಿಶ್ವಾಸ ಮತದಿಂದ ಇಳಿಸಲು ಬರುವುದಿಲ್ಲ, ಮಂತ್ರಿಗಳು ಕಾಂಗ್ರೆಸ್ಸಿನ (ಇಲ್ಲಿಯ ಸಂಸತ್ತಿನ) ಸದಸ್ಯರಲ್ಲ, ಪಕ್ಷದ ಟಿಕೆಟ್ ಹೈಕಮಾಂಡ್ ಕೊಡುವುದಿಲ್ಲ, ಪ್ರೈಮರಿ ಚುನಾವಣೆ ತೀರ್ಮಾನಿಸುತ್ತದೆ. 1803ರ ಮಾರ್ಬರಿ ಮತ್ತು ಮ್ಯಾಡಿಸನ್, 1819ರ ಮೆಕಲಕ್ ಮತ್ತು ಮೇರಿಲ್ಯಾಂಡ್ ಮೊಕದ್ದಮೆಗಳ ತೀರ್ಪು ಏನು, ಅದರಿಂದ ಯಾರ ಅಧಿಕಾರ ಹೆಚ್ಚಿತು ಎಂಬುದು ಬಾಯಲ್ಲಿರಬೇಕು. ಮಕ್ಕಳು ಹೈಸ್ಕೂಲಿನಲ್ಲಿದ್ದರೆ ಅವರ ಪುಸ್ತಕವೇ ಒಳ್ಳೆಯ ಆರಂಭ.

ವಿಜ್ಞಾನಕ್ಕೆ ನ್ಯಾಚುರಲ್ ಸೈನ್ಸಸ್. ಅರ್ಧ ಜೀವವಿಜ್ಞಾನ, ಅರ್ಧ ಭೌತ, ರಸಾಯನ, ಭೂಮಿ, ಆಕಾಶ. 90 ನಿಮಿಷಕ್ಕೆ 120 ಪ್ರಶ್ನೆ, ಒಂದಕ್ಕೆ 45 ಸೆಕೆಂಡು. ಆಳ ಕಡಿಮೆ, ಅಗಲ ಹೆಚ್ಚು. ಲ್ಯಾಬ್ ಇದರಲ್ಲಿಲ್ಲ. ಲ್ಯಾಬ್ ಸೈನ್ಸ್ ಕೇಳುವ ಕಾಲೇಜಿನಲ್ಲಿ ಇದು ಸಾಲದು.

ಕಾವೇರಿಕಟ್ಟೆ:
ಮಾನವಿಕ ವಿಭಾಗಕ್ಕೆ ಹ್ಯುಮ್ಯಾನಿಟೀಸ್ ಪರೀಕ್ಷೆ ಬೇಡ ಅಂತೀನಿ. 140 ಪ್ರಶ್ನೆ, ಅರ್ಧ ಪಾಶ್ಚಾತ್ಯ ಚಿತ್ರಕಲೆ, ಸಂಗೀತ, ವಾಸ್ತುಶಿಲ್ಪ. ಅಲ್ಲಿ ಬೆಳೆದವರಿಗೇ ಕಷ್ಟ. ಅನಲೈಸಿಂಗ್ ಆ್ಯಂಡ್ ಇಂಟರ್‌ಪ್ರೆಟಿಂಗ್ ಲಿಟರೇಚರ್ ನೋಡಿ. ಕವಿತೆ, ಕಥೆಯ ತುಣುಕು ಅಲ್ಲೇ ಕೊಟ್ಟು ಪ್ರಶ್ನೆ ಕೇಳ್ತಾರೆ, ಮೊದಲೇ ಓದಿರಬೇಕಾದ್ದು ಏನೂ ಇಲ್ಲ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳೋ ಶಕ್ತಿ ಇದ್ರೆ ಸಾಕು. ಹಳೆಯ ಕಾಲದ ಇಂಗ್ಲಿಷ್ ಕವಿತೆ ಸ್ವಲ್ಪ ರೂಢಿ ಮಾಡಿಕೊಳ್ಳಬೇಕು ಅಷ್ಟೇ.

ಎಲ್ಲಕ್ಕಿಂತ ಭಾರದ್ದು ಕಾಲೇಜ್ ಕಾಂಪೊಸಿಷನ್. 55 ನಿಮಿಷಕ್ಕೆ 50 ಆಯ್ಕೆ ಪ್ರಶ್ನೆ, ಆಮೇಲೆ 70 ನಿಮಿಷಕ್ಕೆ ಎರಡು ಪ್ರಬಂಧ. ಮೊದಲನೆಯದು 30 ನಿಮಿಷ, ನಿಮ್ಮ ನಿಲುವು ಬರೆಯೋದು. ಎರಡನೆಯದು 40 ನಿಮಿಷ, ಕೊಟ್ಟ ಎರಡು ಬರಹ ಓದಿ, ಎರಡನ್ನೂ ಉಲ್ಲೇಖಿಸಿ ವಾದ ಮಾಡಬೇಕು. ನಮ್ಮವರು ಎಡವೋದು ವ್ಯಾಕರಣದಲ್ಲಲ್ಲ. 'ಇದಕ್ಕೆ ಅನುಕೂಲವೂ ಇದೆ, ಅನಾನುಕೂಲವೂ ಇದೆ' ಅಂತ ಪಿಯುಸಿ ಪ್ರಬಂಧದ ಥರ ನಡುವೆ ನಿಂತುಬಿಡ್ತಾರೆ. ಇಲ್ಲಿ ಮೊದಲ ಪ್ಯಾರಾದಲ್ಲೇ ಒಂದು ಪಕ್ಷ ಹಿಡೀಬೇಕು, ಕೊನೆವರೆಗೂ ಅದನ್ನೇ ಸಾಧಿಸಬೇಕು, ಎದುರು ವಾದಕ್ಕೆ ಒಂದು ಪ್ಯಾರಾ ಉತ್ತರ ಕೊಡಬೇಕು. ಎರಡನೇ ಪ್ರಬಂಧದಲ್ಲಿ ಒಂದೇ ಮೂಲ ಬಳಸಿದ್ರೆ ಅಂಕ ಬೀಳುತ್ತೆ.

ಕಾಂಪೊಸಿಷನ್ ಮಾಡ್ಯುಲರ್ ಅಂತ ಇನ್ನೊಂದಿದೆ, ಹೆಸರು ನೋಡಿ ಗೊಂದಲ ಮಾಡ್ಕೋಬೇಡಿ. ಎರಡರಲ್ಲಿ ಯಾವುದನ್ನು ಒಪ್ಪುತ್ತೀರಿ ಅಂತ ಕೇಳಿ. ಉಳಿದ ಬಹುತೇಕ ಪರೀಕ್ಷೆಗಳ ಅಂಕ ಮುಗಿಸಿದ ತಕ್ಷಣ ಪರದೆ ಮೇಲೆ ಬರುತ್ತೆ, ಇದರದ್ದು ಅಧ್ಯಾಪಕರು ತಿದ್ದಿದ ಮೇಲೆ.

ಗೋಳಿಮರ:
ದುಡ್ಡಿನ ಲೆಕ್ಕ ಯಾರೂ ಹೇಳಲಿಲ್ಲ. ಕ್ಲೆಪ್ ಶುಲ್ಕ 2024-25ರಲ್ಲಿ 95 ಡಾಲರ್ ಇತ್ತು, ವರ್ಷ ವರ್ಷ ಒಂದೆರಡು ಡಾಲರ್ ಏರುತ್ತಿದೆ. ಪರೀಕ್ಷಾ ಕೇಂದ್ರದ ಶುಲ್ಕ ಬೇರೆ, ಸಾಮಾನ್ಯವಾಗಿ 20ರಿಂದ 40. ಒಂದು ಪರೀಕ್ಷೆಗೆ 125 ಎಂದಿಟ್ಟುಕೊಳ್ಳಿ. 3 ಕ್ರೆಡಿಟ್ಟಿನ ಎಂಟು ಪರೀಕ್ಷೆಗೆ 1000 ಡಾಲರ್, 24 ಕ್ರೆಡಿಟ್. ಅದೇ 24 ಕ್ರೆಡಿಟ್ಟನ್ನು ತಲಾ 150 ಡಾಲರಿನ ಕಾಲೇಜಿನಲ್ಲಿ ಓದಿದರೂ 3600.

ಇನ್ನೂ ಇಳಿಸಬಹುದು. ಮಾಡರ್ನ್ ಸ್ಟೇಟ್ಸ್ ಎಂಬ ಲಾಭರಹಿತ ಸಂಸ್ಥೆ ಕ್ಲೆಪ್ ವಿಷಯಗಳಿಗೆ ಪುಕ್ಕಟೆ ಆನ್‌ಲೈನ್ ಪಾಠ ಇಟ್ಟಿದೆ. ಪಾಠ ಮತ್ತು ಅಭ್ಯಾಸ ಪ್ರಶ್ನೆ ಮುಗಿಸಿ ಅರ್ಜಿ ಹಾಕಿದರೆ ಪರೀಕ್ಷಾ ಶುಲ್ಕಕ್ಕೆ ವೋಚರ್ ಕೊಡುತ್ತದೆ. ವೋಚರ್ ಮೊದಲು, ನೋಂದಣಿ ಆಮೇಲೆ. ಕಾಲೇಜ್ ಬೋರ್ಡ್ ಜಾಲತಾಣದಲ್ಲಿ ಕಾರ್ಡು ಉಜ್ಜಿ ಆಮೇಲೆ ವೋಚರ್ ಕೇಳಿದರೆ ಪ್ರಯೋಜನವಿಲ್ಲ. ಅವರ ಪಾಠವೊಂದೇ ಸಾಲುವುದಿಲ್ಲ, ಕಾಲೇಜ್ ಬೋರ್ಡಿನ ಅಧಿಕೃತ ಸ್ಟಡಿ ಗೈಡ್ ಗ್ರಂಥಾಲಯದಿಂದ ತಂದು ಅದರ ಮಾದರಿ ಪರೀಕ್ಷೆಯನ್ನು ಗಡಿಯಾರ ಇಟ್ಟು ಬರೆಯಬೇಕು.

ಮನೆ ನಡೆಸಿಕೊಂಡು ಓದುವವರು ದಿನಕ್ಕೆ ಒಂದು ಗಂಟೆ ಕೂತರೆ ಒಂದು ವಿಷಯಕ್ಕೆ ಐದಾರು ವಾರ ಎಂದಿಟ್ಟುಕೊಳ್ಳಿ. ಒಂದೇ ಸಲಕ್ಕೆ ಎರಡು ಬೇಡ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬಾರದು. ಮೊದಲ ಸುತ್ತಿನಲ್ಲಿ ಗೊತ್ತಿದ್ದದ್ದು, ಉಳಿದದ್ದಕ್ಕೆ ಗುರುತು ಹಾಕಿ ಎರಡನೇ ಸುತ್ತು. 80ಕ್ಕೆ 80 ಬರಬೇಕೆಂಬ ಎಸ್‌ಎಸ್‌ಎಲ್‌ಸಿ ಕಾಲದ ಹಠ ಬಿಡಿ. ಪಾಸಾದರೆ ಕ್ರೆಡಿಟ್ ಬರುತ್ತದೆ, ಸಾಮಾನ್ಯವಾಗಿ ಗ್ರೇಡ್ ಬರುವುದಿಲ್ಲ, ಜಿಪಿಎಗೆ (ಗ್ರೇಡುಗಳ ಸರಾಸರಿಗೆ) ಅದು ಸೇರುವುದಿಲ್ಲ.

ಮುಂಗಾರುಮೋಡ:
ಹೆಸರಿನ ವಿಚಾರ ಮರೆತ್ರಿ ಎಲ್ಲರೂ. ನಮ್ಮಲ್ಲಿ ಇನಿಷಿಯಲ್ ಇರೋರು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇರೋರು ಬೇಕಾದಷ್ಟು. ಸರ್‌ನೇಮ್ ಖಾಲಿ ಇದ್ರೆ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಅಂತ ಬೀಳುತ್ತೆ. ಡ್ರೈವಿಂಗ್ ಲೈಸೆನ್ಸಲ್ಲಿ ಒಂದು ಥರ, ಪಾಸ್‌ಪೋರ್ಟಲ್ಲಿ ಒಂದು ಥರ, ಊರಿನ ಮಾರ್ಕ್ಸ್ ಕಾರ್ಡಲ್ಲಿ ಮದುವೆಗೆ ಮುಂಚಿನ ಹೆಸರು. ಪರೀಕ್ಷೆ ದಿನ ತೋರಿಸೋ ಗುರುತಿನ ಚೀಟಿಯಲ್ಲಿ ಹೇಗಿದೆಯೋ ನೋಂದಣಿಯಲ್ಲೂ ಹಾಗೇ ಇರ್ಬೇಕು, ಇಲ್ಲಾಂದ್ರೆ ಒಳಗೆ ಬಿಡಲ್ಲ. ಕಾಲೇಜಿಗೂ ಅದೇ ಹೆಸರು ಕೊಡಿ, ಇಲ್ಲದಿದ್ರೆ ಅಂಕ ಬಂದು ಯಾರ ಖಾತೆಗೂ ಸೇರದೆ ಕೂತಿರುತ್ತೆ. ಮಾರ್ಕ್ಸ್ ಕಾರ್ಡಿನ ಹೆಸರು ಬೇರೆ ಇದ್ರೆ ಮದುವೆ ಪ್ರಮಾಣಪತ್ರ ಅಥವಾ ಅಫಿಡವಿಟ್ ಜೊತೆಗಿಟ್ಟು ಮೌಲ್ಯಮಾಪನ ಸಂಸ್ಥೆಗೆ ಮೊದಲೇ ತಿಳಿಸಿ.

ಇನ್ನೊಂದು, ಕಾಲೇಜ್ ಬೋರ್ಡ್‌ಗೆ ದುಡ್ಡು ಕಟ್ಟಿದ್ರೆ ಸೀಟು ಬುಕ್ ಆಗಲ್ಲ. ಕೇಂದ್ರಕ್ಕೆ ಬೇರೆಯಾಗಿ ಸಮಯ ನಿಗದಿ ಮಾಡ್ಕೋಬೇಕು. ಕೆಲವು ಕೇಂದ್ರ ತಮ್ಮ ವಿದ್ಯಾರ್ಥಿಗಳಿಗೆ ಮಾತ್ರ, ಮೊದಲೇ ಫೋನ್ ಮಾಡಿ. ಅಂಕ ಕಳಿಸೋಕೆ ಒಂದು ಕಾಲೇಜಿನ ಹೆಸರು ಆರಿಸೋದು ಆಗ ಪುಕ್ಕಟೆ. ಬಿಟ್ರೆ ಆಮೇಲೆ ಪ್ರತಿ ಟ್ರಾನ್ಸ್‌ಕ್ರಿಪ್ಟ್‌ಗೂ ದುಡ್ಡು. ಅಂಕಗಳನ್ನು 20 ವರ್ಷ ಇಟ್ಟಿರ್ತಾರೆ, ಆ ಬಗ್ಗೆ ಚಿಂತೆ ಬೇಡ.

ಮಲ್ಲಿಗೆಮೊಗ್ಗು:
ವೀಸಾ ತೊಂದರೆ ಇಲ್ವಾ? ಎಫ್1 ಅನ್ನೋ ವಿದ್ಯಾರ್ಥಿ ವೀಸಾಗೆ ಬದಲಾಯಿಸಿಕೋ ಅಂತಿದ್ದಾರೆ ಕೆಲವರು. ಮತ್ತೆ ಕನ್ನಡಕ್ಕೆ ಕ್ಲೆಪ್ ಇದೆಯಾ?

ಅಂಕಪಟ್ಟಿ:
ಎಚ್4ನಲ್ಲಿ ಓದಲು ಅಡ್ಡಿಯಿಲ್ಲ, ಅರೆಕಾಲಿಕವೂ ಆಗುತ್ತದೆ, ಆನ್‌ಲೈನೂ ಆಗುತ್ತದೆ. ಓದುವುದಕ್ಕೆ ಇಎಡಿ (ಕೆಲಸದ ಪರವಾನಗಿ) ಬೇಡ. ಎಫ್1ಗೆ ಹೋದರೆ ಈ ದಾರಿಯೇ ಮುಚ್ಚಿದಂತೆ. ಪ್ರತಿ ಸೆಮಿಸ್ಟರಿಗೆ ಸಾಮಾನ್ಯವಾಗಿ 12 ಕ್ರೆಡಿಟ್ ಪೂರ್ಣಾವಧಿ ಓದಬೇಕು, ಅದರಲ್ಲಿ ಆನ್‌ಲೈನ್ ಕೋರ್ಸು ಒಂದನ್ನು ಮಾತ್ರ ಎಣಿಸುತ್ತಾರೆ, ಕ್ಲೆಪ್ ಎಣಿಕೆಗೇ ಬರುವುದಿಲ್ಲ. ಎಚ್4ನವರಿಗೆ ಫೆಡರಲ್ ವಿದ್ಯಾರ್ಥಿ ನೆರವು ಇಲ್ಲ, ಆ ಫಾರಂ ತುಂಬಿ ಹೊತ್ತು ಕಳೆಯಬೇಡಿ. ಎಚ್1ಬಿ ಅರ್ಜಿ, ಗ್ರೀನ್ ಕಾರ್ಡ್ ಏನಾದರೂ ನಡೆಯುತ್ತಿದ್ದರೆ ವಕೀಲರನ್ನು ಒಂದು ಮಾತು ಕೇಳಿ.

ಕನ್ನಡಕ್ಕೆ ಕ್ಲೆಪ್ ಇಲ್ಲ. ಅದರಲ್ಲಿರುವ ಭಾಷೆಗಳು ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮಾತ್ರ. ಆದರೆ ಅಕ್ಕನ ಬಿ.ಕಾಂ.ನಲ್ಲಿ ಕನ್ನಡ ಭಾಷಾ ಪತ್ರಿಕೆ ಇತ್ತಲ್ಲ? ಕೋರ್ಸ್ ಬೈ ಕೋರ್ಸ್ ವರದಿಯಲ್ಲಿ ಅದು ಕ್ರೆಡಿಟ್ಟಾಗಿಯೇ ಬರುತ್ತದೆ, ಅನೇಕ ಕಡೆ ವಿದೇಶಿ ಭಾಷೆಯ ಅಗತ್ಯವನ್ನೋ ಐಚ್ಛಿಕವನ್ನೋ ತುಂಬುತ್ತದೆ. ಮಾತೃಭಾಷೆಯನ್ನು ಒಪ್ಪುವುದಿಲ್ಲ ಎನ್ನುವ ಕಾಲೇಜೂ ಉಂಟು. ಸ್ಪ್ಯಾನಿಷ್ ಕಲಿಯಲು ಕೂರುವ ಮೊದಲು ಇದನ್ನು ಕೇಳಿ. ಹಿಂದಿ ಬಂದರೆ ನ್ಯೂಯಾರ್ಕ್ ಯೂನಿವರ್ಸಿಟಿಯ ಭಾಷಾ ಪ್ರಾವೀಣ್ಯ ಪರೀಕ್ಷೆಯಲ್ಲಿ ಹಿಂದಿ ಇದೆ.

ಪೇಡಾನಗರ:
ಯಾರಿಗೆ ಈ ದಾರಿ ಬ್ಯಾಡ ಅನ್ನೂದೂ ಹೇಳ್ರಿ ಮತ್ತ. ಎಂಜಿನಿಯರಿಂಗ್ ಅರ್ಧಕ್ಕ ಬಿಟ್ಟವ್ರಿಗೆ ಕ್ಲೆಪ್‌ದಿಂದ ಬರೂದು ಒಂದೆರಡು ವಿಷಯ ಅಷ್ಟ, ಉಳದದ್ದು ಕಾಲೇಜಿನ್ಯಾಗ ಓದಬೇಕು. ಮೆಡಿಕಲ್ ಕಡೆ ಹೋಗೂ ಆಸೆ ಇದ್ರ ಬಯಾಲಜಿ, ಕೆಮಿಸ್ಟ್ರಿ ಕ್ಲೆಪ್ ಬರೀಬ್ಯಾಡ್ರಿ, ಮೆಡಿಕಲ್ ಕಾಲೇಜುಗಳು ಹೆಚ್ಚಾಗಿ ಒಪ್ಪೂದಿಲ್ಲ, ಲ್ಯಾಬ್ ಬೇಕಂತಾವ. ಸಿಪಿಎ (ನಮ್ಮ ಸಿಎ ಇದ್ದಂಗ) ಮಾಡವ್ರು ಮಾತ್ರ ಇದನ್ನ ಗಮನಸ್ರಿ. ಬಹಳಷ್ಟು ರಾಜ್ಯದಾಗ 150 ಕ್ರೆಡಿಟ್ ನಿಯಮ ಅದ, ಕೆಲವು ರಾಜ್ಯ ಈಚೆಗೆ 120 ಮತ್ತ ಹೆಚ್ಚಿನ ಅನುಭವದ ದಾರಿನೂ ತಗದಾವ. ಕೊರತೆ ಬಿದ್ದದ್ದು ಸಾಮಾನ್ಯ ಕ್ರೆಡಿಟ್ ಆದ್ರ ಕ್ಲೆಪ್ ಸಸ್ತಾ. ಅಕೌಂಟಿಂಗ್ ಕ್ರೆಡಿಟ್ ಕೊರತೆ ಇದ್ರ ಆಗೂದಿಲ್ಲ. ಬೋರ್ಡಿನವ್ರಿಗೆ ಬರೇ ಕ್ಲೆಪ್ ಅಂಕಪಟ್ಟಿ ಕಳಿಸಿದ್ರ ಸಾಲೂದಿಲ್ಲ, ಮಾನ್ಯತೆ ಇರೂ ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನ್ಯಾಗ ಅದು ಕ್ರೆಡಿಟ್ ಅಂತ ಏರಿರಬೇಕು. ನಿಮ್ಮ ರಾಜ್ಯದ ಬೋರ್ಡ್ ಏನಂತದ ಅನ್ನೂದ ಕೊನೀ ಮಾತು.

ಮತ್ತ ಪರೀಕ್ಷೆನೂ ಬ್ಯಾಡ, ಓದೂದೂ ಬ್ಯಾಡ, ಅನುಭವಕ್ಕ ಡಿಗ್ರಿ ಕೊಡ್ತೀವಿ ಅನ್ನವ್ರು ಫೋನ್ ಮಾಡಿದ್ರ ಇಟ್ಟುಬಿಡ್ರಿ. ಕಾಲೇಜಿಗೆ ಮಾನ್ಯತೆ ಅದನೋ ಇಲ್ಲೋ ಅಮೆರಿಕದ ಶಿಕ್ಷಣ ಇಲಾಖೆ ಜಾಲತಾಣದಾಗ ಹೆಸರು ಹಾಕಿ ನೋಡಬಹುದು.

ಹೊಸ್ತಿಲು:
ನಾನು ಊರಿನಿಂದ ಕೇಳ್ತಿರೋದು. ಭಾರತದಲ್ಲಿ ಇಂಥದ್ದು ಇದೆಯಾ?

ಗೋಳಿಮರ:
ಹೀಗೇ ಇಲ್ಲ. ಬರೀ ಒಂದು ಪರೀಕ್ಷೆ ಬರೆದು ಕ್ರೆಡಿಟ್ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ಹತ್ತಿರದ್ದು ಸ್ವಯಂ ಎಂಬ ಸರ್ಕಾರದ ಆನ್‌ಲೈನ್ ಕೋರ್ಸುಗಳ ಜಾಲತಾಣ. ಯುಜಿಸಿ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ 40 ಶೇಕಡಾದವರೆಗೆ ಸ್ವಯಂನಿಂದ ತೆಗೆದುಕೊಳ್ಳಲು ವಿಶ್ವವಿದ್ಯಾಲಯ ಬಿಡಬಹುದು. ಸ್ವಯಂನಲ್ಲಿ ಐಐಟಿಗಳ ಕಡೆಯಿಂದ ಬರುವ ಎನ್‌ಪಿಟಿಇಎಲ್ ಕೋರ್ಸಿನಲ್ಲಿ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಪಾಸಾಗಲು ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬೇಕು. ಪಾಠ ನೋಡುವುದು ಪುಕ್ಕಟೆ, ಶುಲ್ಕ ಪರೀಕ್ಷೆಗೆ. ಆದರೆ ನೀವು ಯಾವುದಾದರೂ ಡಿಗ್ರಿಗೆ ದಾಖಲಾಗಿರಬೇಕು, ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಒಪ್ಪಿರಬೇಕು. ಕ್ರೆಡಿಟ್ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ ಕೂರುತ್ತದೆ. ಅರ್ಧಕ್ಕೆ ಬಿಟ್ಟ ಹಳೆಯ ಸ್ಕೀಮಿನವರಿಗೆ ಮುಕ್ತ ವಿಶ್ವವಿದ್ಯಾಲಯ ಎಷ್ಟು ಪೇಪರ್ ಒಪ್ಪುತ್ತದೆ ಎಂದು ಅಲ್ಲಿಯೇ ವಿಚಾರಿಸಬೇಕು.

ಮಲ್ಲಿಗೆಮೊಗ್ಗು:
ಎಲ್ಲರಿಗೂ ಧನ್ಯವಾದ. ಮೊದಲು ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ, ಅಷ್ಟರಲ್ಲಿ ಕಾಲೇಜಿಗೆ ಇಮೇಲ್, ಆಮೇಲೆ ಸೋಶಿಯಾಲಜಿ. ಸರೀನಾ? ವರದಿ ಬರೋವರೆಗೆ ಸುಮ್ನೆ ಕೂರೋದು ಬೇಡ ಅಂತಿದಾಳೆ.

ಅಂಕಪಟ್ಟಿ:
ಸರಿ. ಕಾಯುವ ಹೊತ್ತಿನಲ್ಲಿ ಸೋಶಿಯಾಲಜಿ ಓದಲಿ, ಅದು ಬಿ.ಕಾಂ. ಪೇಪರುಗಳ ಜೊತೆ ಡಿಕ್ಕಿ ಹೊಡೆಯುವ ಸಂಭವ ಕಡಿಮೆ. ಕಾಲೇಜಿನ ಉತ್ತರ ಬರಹದಲ್ಲಿ ಕೈಗೆ ಬಂದ ಮೇಲೆ ದಿನಾಂಕ ತೆಗೆದುಕೊಳ್ಳಿ. ಎರಡು ವಿಷಯ ನೆನಪಿಡಿ. ಕಾಲೇಜಿನಲ್ಲಿ ಒಮ್ಮೆ ನಪಾಸಾದ ಕೋರ್ಸನ್ನು ಕ್ಲೆಪ್‌ನಿಂದ ತುಂಬಲು ಕೆಲವರು ಬಿಡುವುದಿಲ್ಲ, ಹಾಗೆಯೇ ಮೇಲಿನ ಕೋರ್ಸು ಮಾಡಿದ ಮೇಲೆ ಅದರ ಕೆಳಗಿನದನ್ನು ಕ್ಲೆಪ್ ಮಾಡಿದರೆ ಎಣಿಸುವುದಿಲ್ಲ. ಆದ್ದರಿಂದ ಗಣಿತ, ಬರವಣಿಗೆಯ ಪರೀಕ್ಷೆಗಳು ದಾಖಲಾದ ಮೊದಲ ಅವಧಿಯಲ್ಲೇ ಮುಗಿಯಲಿ. ಕೊನೆಗೆ ಉಳಿಸಿಕೊಂಡರೆ ಪದವಿ ಪ್ರದಾನದ ಅರ್ಜಿಯ ಗಡುವಿನೊಳಗೆ ಅಂಕ ಕಾಲೇಜಿಗೆ ತಲುಪದೆ ಇಡೀ ಡಿಗ್ರಿ ಮುಂದಿನ ಅವಧಿಗೆ ಹೋಗುತ್ತದೆ. ಕಾಂಪೊಸಿಷನ್ ಅಂಕ ಬರಲು ವಾರಗಳು ಹಿಡಿಯುವುದರಿಂದ ಅದೇ ಹೆಚ್ಚಾಗಿ ತಡ ಮಾಡುವುದು.

ಮಲ್ಲಿಗೆಮೊಗ್ಗು:
ಸರಿ ಸರ್. ಅರ್ಜಿ ನಮೂನೆ ಡೌನ್‌ಲೋಡ್ ಆಯ್ತು. ಊರಲ್ಲಿ ಮಾವ ಇದಾರೆ, ಅಧಿಕಾರ ಪತ್ರ ಅವರ ಹೆಸರಿಗೇ ಬರೀತಿದಾಳೆ.

ಕಾವೇರಿಕಟ್ಟೆ:
ಅದರಲ್ಲಿ ಮಾವನವರ ಆಧಾರ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಸಿ, ಕೌಂಟರ್‌ನಲ್ಲಿ ಅದನ್ನೇ ಕೇಳೋದು.